ಸ್ಕಿನ್ ಬಾಡಲ್ಲ, ಹಾಗಿದ್ರೆ ಅವಸರ ಯಾರದ್ದು?

ಇವತ್ತು ಮೊಬೈಲ್ ಗೇಮ್ ಬಗ್ಗೆ ಮಾತಾಡೋಣ. ಬೈಯೋಕೆ ಅಲ್ಲ, ಹೆದರಬೇಡಿ. ನಾನೂ ಆಡ್ತೀನಿ.

ಮೊದಲು ಒಂದು ಘಟನೆ ಹೇಳ್ತೀನಿ. ಎರಡು ವರ್ಷದ ಹಿಂದೆ ಸಂಕ್ರಾಂತಿಗೆ ಅರಸೀಕೆರೆ ಹತ್ತಿರದ ತಾತನ ಊರಿಗೆ ಹೋಗಿದ್ದೆ. ಆಗ ನಾನು ಆಡ್ತಿದ್ದ ಒಂದು ಗೇಮಲ್ಲಿ 28 ದಿನ ಬಿಡದೆ ಲಾಗಿನ್ ಆದ್ರೆ ಒಂದು ಸ್ಕಿನ್ ಸಿಗ್ತಿತ್ತು. ನಂದು 26ನೇ ದಿನ. ರಾತ್ರಿ ಮರೆತು ಮಲಗಿಬಿಟ್ಟಿದ್ದೆ. ಆ ಗೇಮಿನ ದಿನ ಮುಗಿಯೋದು ನಮ್ಮ ಮಧ್ಯರಾತ್ರಿಗೆ ಅಲ್ಲ, ಯುಟಿಸಿ ಸಮಯದ ಪ್ರಕಾರ. ಅಲ್ಲಿ ರಾತ್ರಿ 12 ಅಂದ್ರೆ ನಮಗೆ ಬೆಳಗಿನ ಜಾವ 5.30. ಐದು ಗಂಟೆಗೆ ದಿಢೀರ್ ಅಂತ ಎಚ್ಚರ ಆಯ್ತು. ಮನೆಯೊಳಗೆ ನೆಟ್‌ವರ್ಕ್ ಬರಲ್ಲ. ಆ ಚಳಿಯಲ್ಲಿ ತೋಟದ ಕಡೆ ಓಡಿದೆ.

ಅಲ್ಲಿ ತಾತ ಇದ್ರು. ಟಾರ್ಚ್ ಹಿಡ್ಕೊಂಡು ಮೋಟರ್ ಹತ್ರ ನಿಂತಿದ್ರು. ಆರು ಗಂಟೆಗೆ ತ್ರೀ ಫೇಸ್ ಕರೆಂಟ್ ಹೋಗುತ್ತೆ, ಅಷ್ಟರೊಳಗೆ ತೆಂಗಿಗೆ ನೀರು ಹಾಯಿಸಬೇಕು. ನನ್ನ ನೋಡಿ, "ಏನ್ ಮಗ, ಇಷ್ಟೊತ್ತಿಗೇ ಎದ್ದಿದ್ದೀಯ? ಪರೀಕ್ಷೆ ಐತಾ?" ಅಂದ್ರು. "ಹೂಂ ತಾತ" ಅಂದೆ. ಸುಳ್ಳು ಹೇಳಿದೆ. ನಾನು ಬಂದಿದ್ದು ಆಟ ಆಡೋಕೂ ಅಲ್ಲ, ಬರೀ ಒಂದು ಬಟನ್ ಒತ್ತೋಕೆ. ಅದನ್ನ ಹೇಳೋಕೆ ನಾಚಿಕೆ ಆಯ್ತು.

ಇಬ್ಬರಿಗೂ ಗಡುವು ಇತ್ತು. ತಾತನದ್ದು ಕೆಲಸ. ನನ್ನದಕ್ಕೆ ಆಟ ಅಂತ ಹೆಸರು. ಆದ್ರೆ ಅದು ಯಾವಾಗ ಡ್ಯೂಟಿ ಆಯ್ತು ಅಂತ ನನಗೇ ಗೊತ್ತಾಗಿರಲಿಲ್ಲ.

ಇದು ಹೇಗೆ ಕೆಲಸ ಮಾಡುತ್ತೆ ನೋಡಿ. ಡೈಲಿ ಲಾಗಿನ್, ವೀಕ್ಲಿ ಮಿಷನ್, ಅದರ ಮೇಲೆ ಬ್ಯಾಟಲ್ ಪಾಸ್. 2013ರಲ್ಲಿ ಡೋಟಾ 2 ಗೇಮಿನವರು ತಮ್ಮ ದೊಡ್ಡ ಟೂರ್ನಿಗೆ ಅಂತ ಕಾಂಪೆಂಡಿಯಂ ಅನ್ನೋದನ್ನ ಮಾರಿದ್ರು. ಬ್ಯಾಟಲ್ ಪಾಸ್‌ನ ಬೇರು ಅಲ್ಲಿದೆ. 2017ರ ಕೊನೆಯಲ್ಲಿ ಫೋರ್ಟ್‌ನೈಟ್ ಬ್ಯಾಟಲ್ ಪಾಸ್ ತಂದ ಮೇಲೆ ಅದು ಎಲ್ಲಾ ಕಡೆ ಹಬ್ಬಿತು. ದುಡ್ಡು ಕೊಟ್ಟು ಪಾಸ್ ತಗೋಬೇಕು. ತಗೊಂಡ ತಕ್ಷಣ ಎಲ್ಲಾ ಸಿಗಲ್ಲ. ಸೀಸನ್ ಮುಗಿಯೋದ್ರೊಳಗೆ ಆಡಿ ಆಡಿ ಒಂದೊಂದೇ ಲೆವೆಲ್ ತೆರೀಬೇಕು. ಅಂದ್ರೆ ವಸ್ತುವಿಗೆ ಕಾಸೂ ನಮ್ಮದು, ಕೂಲಿಯೂ ನಮ್ಮದು.

ಇದರ ಹಿಂದಿರೋ ಮನಸ್ಸಿನ ಲೆಕ್ಕ ಹಳೇದು. ಸಿಕ್ಕಿದ್ದರ ಖುಷಿಗಿಂತ ಅಷ್ಟೇ ಬೆಲೆಯದ್ದು ಕಳೆದುಹೋದ್ರೆ ಆಗೋ ಸಂಕಟ ಜಾಸ್ತಿ ಅಂತ 1979ರಲ್ಲೇ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಬರೆದಿದ್ರು. 26 ದಿನದ ಸ್ಟ್ರೀಕ್ ಅಂದ್ರೆ ಅದೇ. ಮೊದಲನೇ ದಿನ ನೀವು ಏನೋ ಗೆಲ್ಲೋಕೆ ಲಾಗಿನ್ ಆಗ್ತೀರಿ. 26ನೇ ದಿನ ಕಳ್ಕೊಳ್ಳಬಾರದು ಅಂತ ಲಾಗಿನ್ ಆಗ್ತೀರಿ.

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದು ಶಿಶುವಿಹಾರದಲ್ಲಿ ನಡೆದಿದ್ದು. ಚಿತ್ರ ಬಿಡಿಸೋಕೆ ಇಷ್ಟಪಡೋ ಮಕ್ಕಳಲ್ಲಿ ಕೆಲವರಿಗೆ, "ಬಿಡಿಸಿದ್ರೆ ಸರ್ಟಿಫಿಕೇಟ್ ಕೊಡ್ತೀವಿ" ಅಂತ ಮೊದಲೇ ಹೇಳಿದ್ರು. ಒಂದೆರಡು ವಾರ ಆದ್ಮೇಲೆ, ಬಹುಮಾನ ಇಲ್ಲದೆ ಸುಮ್ಮನೆ ಬಣ್ಣದ ಪೆನ್ ಇಟ್ರು. ಸರ್ಟಿಫಿಕೇಟ್ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದ್ರು. ಇಷ್ಟಪಟ್ಟು ಮಾಡ್ತಿದ್ದ ಕೆಲಸ ಬಹುಮಾನಕ್ಕೆ ಮಾಡೋ ಕೆಲಸ ಆಗಿತ್ತು. ನಮಗೂ ಆಗೋದು ಇದೇ ಅಲ್ವಾ?

ಈಗ ನೀವು ಕೇಳಬಹುದು, ಯುಗಾದಿನೂ ವರ್ಷಕ್ಕೊಂದೇ ಸಲ ಬರುತ್ತೆ, ಅದಕ್ಕೇ ಅಲ್ವಾ ಮಜಾ ಅಂತ. ನ್ಯಾಯವಾದ ಪ್ರಶ್ನೆ. ಗೇಮಲ್ಲಿ ಹಬ್ಬದ ಈವೆಂಟ್ ಬಂದಾಗ ಹಳೇ ಫ್ರೆಂಡ್ಸ್ ಎಲ್ಲಾ ಆನ್‌ಲೈನ್ ಬರ್ತಾರೆ, ಅದು ನಿಜವಾದ ಖುಷಿ. ಫ್ರೀ ಗೇಮ್ ನಡೆಸೋಕೆ ಕಂಪನಿಗೆ ದುಡ್ಡೂ ಬೇಕು. ಆದ್ರೆ ಈ ವರ್ಷ ಒಬ್ಬಟ್ಟು ತಪ್ಪಿಸ್ಕೊಂಡ್ರೆ ಮುಂದಿನ ವರ್ಷ ಮತ್ತೆ ಸಿಗುತ್ತೆ. ಮಲ್ಲಿಗೆ ಬಾಡುತ್ತೆ, ಹಾಲು ಒಡೆಯುತ್ತೆ, ಅದಕ್ಕೆ ಅವಸರ ಇದೆ. ಸ್ಕಿನ್ ಬಾಡಲ್ಲ. ಅದು ಸರ್ವರ್‌ನಲ್ಲಿರೋ ಒಂದು ಫೈಲ್. ಅದಕ್ಕೆ ಗಡುವು ಇದೆ ಅಂದ್ರೆ, ಯಾರೋ ಕೂತು ಹಾಕಿದ್ದಾರೆ ಅಂತ ಅರ್ಥ.

ನಮ್ಮ ದೇಶದಲ್ಲಿ 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಡಾರ್ಕ್ ಪ್ಯಾಟರ್ನ್‌ಗಳ ಪಟ್ಟಿ ಮಾಡಿತು. ಅದರಲ್ಲಿ ಸುಳ್ಳು ಅವಸರ ಹುಟ್ಟಿಸೋದೂ ಒಂದು. ಆದ್ರೆ ಗೇಮಿನ ಟೈಮರ್ ಸುಳ್ಳು ಹೇಳಲ್ಲ. ಟೈಮ್ ಮುಗಿದ್ರೆ ಸ್ಕಿನ್ ನಿಜವಾಗಿಯೂ ಹೋಗುತ್ತೆ. ಹಾಗಾಗಿ ಕಾನೂನು ಬಂದು ಕಾಪಾಡುತ್ತೆ ಅಂತ ಕಾಯೋದಕ್ಕಿಂತ ನಾವೇ ಎಚ್ಚರ ಆಗೋದು ವಾಸಿ. ಬೇರೆ ದಾರಿಯೂ ಇದೆ. 2021ರಲ್ಲಿ ಬಂದ ಹೇಲೋ ಇನ್ಫಿನಿಟ್‌ನಲ್ಲಿ ತಗೊಂಡ ಬ್ಯಾಟಲ್ ಪಾಸ್‌ಗೆ ಎಕ್ಸ್‌ಪೈರಿ ಇಲ್ಲ. 2024ರ ಹೆಲ್‌ಡೈವರ್ಸ್ 2 ಕೂಡ ಹಾಗೇ ಮಾಡ್ತು. ಅಂದ್ರೆ ಇದು ಮಾಡೋಕಾಗದೇ ಇರೋದೇನಲ್ಲ.

ನಾನು ಮಾಡಿದ್ದು ಮೂರೇ ಕೆಲಸ. ಒಂದು, ಗೇಮಿನ ನೋಟಿಫಿಕೇಶನ್ ಆಫ್ ಮಾಡಿದೆ. ಎರಡು, ಪಾಸ್ ತಗೊಳ್ಳೋದಾದ್ರೆ ಸೀಸನ್ ಕೊನೆ ವಾರದಲ್ಲಿ ನೋಡ್ತೀನಿ. ಎಷ್ಟೋ ಗೇಮಲ್ಲಿ ಅಲ್ಲಿವರೆಗೆ ಆಡಿದ ಲೆವೆಲ್‌ಗಳ ಬಹುಮಾನ ಆಗ ಒಟ್ಟಿಗೇ ಸಿಗುತ್ತೆ. ಸಾಲದು ಅನಿಸಿದ್ರೆ ತಗೊಳ್ಳಲ್ಲ. ಮೂರು, ಬೇಕಂತಲೇ ಒಂದು ದಿನ ತಪ್ಪಿಸಿದೆ.

ಆ ಮೂರನೇದು ಕಷ್ಟ ಆಯ್ತು. ಕೌಂಟರ್ ಮತ್ತೆ ಒಂದಕ್ಕೆ ಬಂದಿದ್ದು ನೋಡಿ ಹೊಟ್ಟೆ ಒಳಗೆ ಏನೋ ಚುರ್ ಅಂತು. ಮಧ್ಯಾಹ್ನದ ಹೊತ್ತಿಗೆ ಮರೆತೇ ಹೋಗಿತ್ತು. ಮುಂದಿನ ಭಾನುವಾರ ಫ್ರೆಂಡ್ಸ್ ಜೊತೆ ಎರಡು ಮ್ಯಾಚ್ ಆಡಿದೆ. ಎರಡೂ ಸೋತ್ವಿ. ನಕ್ಕಿದ್ದೂ ನಕ್ಕಿದ್ದೇ.

ಅಂದಹಾಗೆ, ಆ 28 ದಿನದ ಸ್ಕಿನ್ ನನಗೆ ಸಿಕ್ತು. ಒಂದು ಸಲವೂ ಹಾಕಿಲ್ಲ. ತಾತಂಗೆ ನಿಜ ಹೇಳಿದ್ದು ಈ ಸಂಕ್ರಾಂತಿಗೆ. ಅವರು ಕೇಳಿದ್ದು ಒಂದೇ ಮಾತು, "ಒತ್ತದಿದ್ರೆ ಏನಾಗ್ತಿತ್ತು ಮಗ?"

ಇವತ್ತು ರಾತ್ರಿ ಗೇಮ್ ತೆರೆಯೋ ಮೊದಲು ಅದೇ ಪ್ರಶ್ನೆಯನ್ನ ನೀವೂ ಕೇಳ್ಕೊಳ್ಳಿ. ಬಹುಮಾನ ಇಲ್ಲದಿದ್ರೂ ಇವತ್ತು ಆಡ್ತಿದ್ನಾ? ಹೌದು ಅನಿಸಿದ್ರೆ ಆರಾಮಾಗಿ ಆಡಿ. ಇಲ್ಲ ಅನಿಸಿದ್ರೆ ಮಲಗಿ. ಮುಂದಿನ ವಾರ ಸಿಗೋಣ. ತಪ್ಪಿಸ್ಕೊಂಡ್ರೂ ಪರವಾಗಿಲ್ಲ, ಈ ಎಪಿಸೋಡ್ ಎಲ್ಲೂ ಹೋಗಲ್ಲ.