ಅದರ ಹಿಂದಿನ ವಚನ

ಬ್ಯಾಂಕಿನ ಕೌಂಟರಿನಲ್ಲಿ ನಾನು ಎಷ್ಟೋ ವರ್ಷ ಕಂಡದ್ದು ಇದು: ಬೀಡಿ ಕಟ್ಟಿದ ಹೆಂಡತಿಯ ಹೆಬ್ಬೆಟ್ಟು, ಹಣ ಗಂಡನ ಜೇಬಿಗೆ. ನನ್ನಾಕೆಯ ಪಾಸ್‌ಬುಕ್ಕೂ ನನ್ನ ಪೆಟ್ಟಿಗೆಯಲ್ಲೇ ಇತ್ತೆನ್ನಿ. ಕೇಳಿದರೆ ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯ, 22ನೆಯ ವಚನ ತೋರಿಸುತ್ತಿದ್ದೆ: ಹೆಂಡತಿ ಗಂಡನಿಗೆ ಅಧೀನಳು. ಒಂದು ದಿನ ಆಕೆಯೇ ಕನ್ನಡಕ ಏರಿಸಿ ಅದರ ಹಿಂದಿನ ವಚನ ಓದಿದಳು. ಕ್ರಿಸ್ತನಿಗೆ ಅಂಜಿ ಒಬ್ಬರಿಗೊಬ್ಬರು ತಗ್ಗಿ ನಡೆಯಬೇಕೆಂದಿದೆ ಅಲ್ಲಿ. 25ನೆಯದರಲ್ಲಿ ಗಂಡನಿಗೆ ಇನ್ನೂ ಭಾರ: ಕ್ರಿಸ್ತನು ಸಭೆಗಾಗಿ ತನ್ನನ್ನೇ ಕೊಟ್ಟಂತೆ ಪ್ರೀತಿಸಬೇಕು. ಲೆಕ್ಕ ಬಲ್ಲ ನಾನು ಜಮೆಯ ಕಡೆ ಮಾತ್ರ ನೋಡಿದ್ದೆ! ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟು ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿ ಸಮಪಾಲು ಕೊಟ್ಟಾಗಲೂ ದೇವರ ಅಧಿಕಾರವೇನೂ ಕುಂದಲಿಲ್ಲ. ನಮ್ಮ ಪಾಸ್‌ಬುಕ್ಕುಗಳು ಈಗ ಬೈಬಲಿನ ಪಕ್ಕದಲ್ಲೇ ಇವೆ, ಬೀಗವಿಲ್ಲದ ಕಪಾಟಿನಲ್ಲಿ.