ನೂರು ರೂಪಾಯಿಯಲ್ಲಿ ಮೇಲಿನವನ ಪಾಲೆಷ್ಟು?



ಶಿವಮೊಗ್ಗ ಜಿಲ್ಲೆಗೆ ಅಳತೆಯ ಜಗಳ ಹೊಸದಲ್ಲ. 1951ರಲ್ಲಿ ಸಾಗರದ ಬಳಿಯ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಕೊಳಗವೇ ಮುಖ್ಯ ಪ್ರಶ್ನೆಯಾಗಿತ್ತು. ಭೂಮಾಲೀಕರು ಗೇಣಿ ಭತ್ತವನ್ನು ರೂಢಿಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಬೆಳೆದದ್ದೆಷ್ಟು ಎಂಬುದು ಒಂದು ಲೆಕ್ಕ, ಅದರಲ್ಲಿ ಯಾರಿಗೆಷ್ಟು ಎಂಬುದು ಇನ್ನೊಂದು. ರಾಷ್ಟ್ರೀಯ ವರಮಾನಕ್ಕೂ ಇವೇ ಎರಡು ಲೆಕ್ಕಗಳಿವೆ. ಮೊದಲನೆಯದನ್ನು ಸರಕಾರ ಪ್ರತಿವರ್ಷ ಪ್ರಕಟಿಸುತ್ತದೆ. ಎರಡನೆಯದನ್ನು ಹುಡುಕಿ ತೆಗೆಯಬೇಕು.

ಹುಡುಕುವುದು ಎಲ್ಲಿ? ಮನೆಮನೆ ಸಮೀಕ್ಷೆಯಲ್ಲಿ ಭಾರಿ ಶ್ರೀಮಂತರು ಸಿಗುವುದು ಅಪರೂಪ. ಅವರ ಗುರುತು ಉಳಿಯುವುದು ತೆರಿಗೆ ಕಡತಗಳಲ್ಲಿ. ಈ ದಾರಿ ತೋರಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್. ಅವರ ಗ್ರಂಥ ಬಂದದ್ದು 1953ರಲ್ಲಿ. ಭಾರತಕ್ಕೆ ಇದೇ ವಿಧಾನವನ್ನು ಅನ್ವಯಿಸಿದವರು ಅಭಿಜಿತ್ ಬ್ಯಾನರ್ಜಿ ಮತ್ತು ಥಾಮಸ್ ಪಿಕೆಟ್ಟಿ. ಲ್ಯೂಕಾಸ್ ಚಾನ್ಸೆಲ್ ಮತ್ತು ಪಿಕೆಟ್ಟಿ ಅದನ್ನು ಮುಂದುವರಿಸಿದರು. ಅವರ ಲೆಕ್ಕ 1922ರಿಂದ ಆರಂಭವಾಗುತ್ತದೆ.

ನೂರು ಜನರ ನಡುವೆ ನೂರು ರೂಪಾಯಿ ಹಂಚಿಕೆಯಾಯಿತೆಂದು ಭಾವಿಸಿ. ಆ ಲೆಕ್ಕದ ಪ್ರಕಾರ 1930ರ ದಶಕದ ಕೊನೆಯಲ್ಲಿ ಎಲ್ಲರಿಗಿಂತ ಮೇಲಿದ್ದ ಒಬ್ಬನಿಗೆ ಸಿಗುತ್ತಿದ್ದುದು ಸುಮಾರು 21 ರೂಪಾಯಿ. 1980ರ ದಶಕದ ಆರಂಭಕ್ಕೆ ಅದು 6 ರೂಪಾಯಿಗೆ ಇಳಿಯಿತು. 2022-23ರ ಹೊತ್ತಿಗೆ ಮತ್ತೆ 22 ರೂಪಾಯಿ ದಾಟಿತು.

ಇಳಿದದ್ದು ತಾನಾಗಿ ಅಲ್ಲ. ಜಮೀನ್ದಾರಿ ಹೋಯಿತು. 1971ರಲ್ಲಿ ರಾಜಧನ ರದ್ದಾಯಿತು. 1973-74ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಶೇ. 97.75 ಮುಟ್ಟಿತ್ತು. ಕರ್ನಾಟಕದಲ್ಲಿ ದೇವರಾಜ ಅರಸು ಅವರ ಭೂಸುಧಾರಣೆ 1974ರಲ್ಲಿ ಜಾರಿಗೆ ಬಂತು. ಆದರೆ ಪಾಲು ಸಮನಾದ ಮಾತ್ರಕ್ಕೆ ಬಡತನ ನೀಗಲಿಲ್ಲ ಎಂಬುದನ್ನೂ ಹೇಳಬೇಕು. ಆ ದಶಕಗಳಲ್ಲಿ ಬೆಳವಣಿಗೆ ನಿಧಾನವಾಗಿತ್ತು. ಮುಂದೆ ತೆರಿಗೆ ದರ ಇಳಿಯಿತು, 1991ರಲ್ಲಿ ಉದಾರೀಕರಣ ಬಂತು, ಮೇಲಿನವರ ಪಾಲು ಏರಿತು.

ಯಂತ್ರ, ವಿದೇಶಿ ವ್ಯಾಪಾರಗಳಿಂದ ಇದು ಅನಿವಾರ್ಯ ಎನ್ನುವವರಿದ್ದಾರೆ. ಅವರು ಬೇರೆ ದೇಶಗಳತ್ತ ನೋಡಬೇಕು. 1980ರಲ್ಲಿ ಅಮೆರಿಕದಲ್ಲೂ ಪಶ್ಚಿಮ ಯೂರೋಪಿನಲ್ಲೂ ಮೇಲಿನ ಶೇ. 1ರಷ್ಟು ಜನರ ಪಾಲು ಹೆಚ್ಚುಕಡಿಮೆ ಶೇ. 10 ಇತ್ತು. 2016ರ ವೇಳೆಗೆ ಯೂರೋಪಿನಲ್ಲಿ ಅದು ಶೇ. 12 ಆದರೆ ಅಮೆರಿಕದಲ್ಲಿ ಶೇ. 20 ಆಯಿತು. ಯಂತ್ರ ಎರಡು ಕಡೆಗೂ ಬಂದಿತ್ತು. ತೆರಿಗೆ, ಶಿಕ್ಷಣ, ಕೂಲಿಯ ನೀತಿಗಳು ಬೇರೆಯಾಗಿದ್ದವು.

ಈ ಮಾತು ಭದ್ರಾವತಿಗೆ ಬೇಗ ಅರ್ಥವಾಗುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, ಅನಂತರ ಬಂದ ಕಾಗದ ಕಾರ್ಖಾನೆ ಸಾವಿರಾರು ಕುಟುಂಬಗಳಿಗೆ ಕಾಯಂ ಸಂಬಳ, ಕ್ವಾರ್ಟರ್ಸು, ಭವಿಷ್ಯನಿಧಿ ಕೊಟ್ಟವು. ಅವು ಮೇಲಕ್ಕೂ ಕೆಳಕ್ಕೂ ಸೇರದ, ನಡುವಿನ ಸಂಬಳಗಳು. ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಸುಮಾರಿಗೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚಲು ಸೈಲ್ ತೀರ್ಮಾನಿಸಿದಾಗ ಧರಣಿ ಕುಳಿತವರು ಗುತ್ತಿಗೆ ಕಾರ್ಮಿಕರು. ರಾಷ್ಟ್ರೀಯ ವರಮಾನ ಏರುತ್ತಿದ್ದಾಗಲೇ ಒಂದು ಊರಿನ ನಡುವಿನ ಸಂಬಳ ಕರಗಬಲ್ಲದು.

ತೆರಿಗೆ ಕಡತದ ಕೊಳಗಕ್ಕೂ ದೋಷಗಳಿವೆ. ಕೃಷಿ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದ್ದರಿಂದ ಮಲೆನಾಡಿನ ದೊಡ್ಡ ಅಡಿಕೆ ತೋಟದ ಆದಾಯ ಅದರಲ್ಲಿ ಸರಿಯಾಗಿ ಕಾಣದು. ಈ ಅಂಕಿಗಳನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಇಷ್ಟರ ಮೇಲೆ, 2000ದ ನಂತರ ಸರಕಾರ ತೆರಿಗೆ ಅಂಕಿಅಂಶಗಳ ಪ್ರಕಟಣೆಯನ್ನೇ ನಿಲ್ಲಿಸಿತ್ತು. ಮತ್ತೆ ಹೊರಬಂದದ್ದು 2016ರಲ್ಲಿ. ಅಳತೆ ನಿಂತ ಆ ವರ್ಷಗಳಲ್ಲೇ ಪಾಲು ಏರುತ್ತಿತ್ತು.

ಕಾಯಂ ನೌಕರನ ತೆರಿಗೆ ಸಂಬಳ ಕೈಗೆ ಬರುವ ಮೊದಲೇ ಕಡಿತವಾಗುತ್ತದೆ. ಅವನ ಲೆಕ್ಕದಲ್ಲಿ ಮುಚ್ಚುಮರೆ ಇಲ್ಲ. ಮೇಲಿನವರ ಲೆಕ್ಕವೂ ಅಷ್ಟೇ ತಪ್ಪದೆ ಪ್ರತಿವರ್ಷ ಸಾರ್ವಜನಿಕರ ಮುಂದೆ ಬರಲಿ ಎಂದು ಕೇಳುವುದು ಹೊಟ್ಟೆಕಿಚ್ಚಲ್ಲ. ಹಂಚಿಕೆ ನ್ಯಾಯವೋ ಅಲ್ಲವೋ ಎಂಬ ವಾದ ಆಮೇಲಿನದು. ಮೊದಲು ಕೊಳಗ ಎಲ್ಲರ ಕಣ್ಣಿಗೆ ಬೀಳಬೇಕು.