ಸೆಣಬು ಮತ್ತು ಯೂರಿಯಾ

ಬತ್ತದ ಗದ್ದೆಗೆ ಹಸುರೆಲೆ ಗೊಬ್ಬರವೇ ಮೇಲೆಂದು, ಮಂಡ್ಯದ ಕಡೆಯ ನಮ್ಮೂರಿಗೆ ಹೋದಾಗಲೆಲ್ಲ ತಮ್ಮನಿಗೆ ಬೋಧಿಸುತ್ತಿದ್ದೆ. ಕೇಳುಗರು ಮನ್ನಿಸಬೇಕು, ಪಾಠ ಹೇಳಿದವನ ಚಟ. ಸೆಣಬಿನ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಹೂಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರೆ, ಸೊಪ್ಪು ಕೊಳೆತು ಆ ಸಾರ ಮೆಲ್ಲನೆ ಬತ್ತಕ್ಕೆ ದೊರೆಯುತ್ತದೆ.

“ಸರಿ ಅಣ್ಣಾ, ಆ ಆರೇಳು ವಾರಕ್ಕೆ ನೀರೆಲ್ಲಿ? ನಾಲೆ ಬಿಡೋದೇ ನಾಟಿ ಹೊತ್ತಿಗೆ” ಎಂದ.

ಉತ್ತರ ತೋಚಲಿಲ್ಲ. ಯೂರಿಯಾದ 100 ಕಿಲೋದಲ್ಲಿ 46 ಕಿಲೋ ಸಾರಜನಕ. ಗದ್ದೆಯಲ್ಲಿ ಅದರ ದೊಡ್ಡ ಪಾಲು ಆವಿಯಾಗಿಯೋ ನೀರಿನೊಡನೆ ಹರಿದೋ ಪೋಲಾಗುತ್ತದೆ, ನಿಜ. ಆದರೆ ಅದು ರೈತನಿಂದ ಕಾಲವನ್ನು ಕೇಳುವುದಿಲ್ಲ.

ಹೋದ ವರ್ಷ ಬೇಸಗೆಯ ಮಳೆ ಚೆನ್ನಾಗಿ ಬಿದ್ದಾಗ, ನನಗೆ ತಿಳಿಸದೆಯೇ ತಮ್ಮ ಅರ್ಧ ಎಕರೆಗೆ ಸೆಣಬು ಚೆಲ್ಲಿದ್ದ. ಅಲ್ಲಿ ಯೂರಿಯಾವನ್ನು ಅರ್ಧಕ್ಕಿಳಿಸಿದನಂತೆ. ಪೂರ್ತಿ ಬಿಡುವ ಧೈರ್ಯ ಅವನಿಗಿಲ್ಲ. ಸಾಲ ಅವನದು, ಬಿಡೆನ್ನಲು ನನಗೂ ಧೈರ್ಯವಿಲ್ಲ.